ಗಡಿಗೆ ಅಂಗಡಿಯ ಹಬ್ಬದ ಲೆಕ್ಕ

ಅಕ್ಕ ತಂಗಿಯರೇ, ನಮ್ಮ ಚಿಕ್ಕೋಡಿ ಕಡೆ ಕುಂಬಾರರ ಮಣ್ಣು ಬೇಡದ ಹಬ್ಬ ಎಷ್ಟಿವೆ? ಒಂದೊಂದಾಗಿ ನೆನಪು ಮಾಡಿಕೊಳ್ಳೋಣ.

ಕಾರ ಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ. ಆ ದಿನ ಮನೆ ಮನೆಯಲ್ಲಿ ಮಣ್ಣಿನ ಜೋಡೆತ್ತು ಇಟ್ಟು ಪೂಜೆ ಮಾಡುತ್ತೇವೆ. ಆಷಾಢದ ಮಂಗಳವಾರ ಗುಳ್ಳವ್ವ ಬರುತ್ತಾಳೆ. ಶ್ರಾವಣದಲ್ಲಿ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಜೋಕುಮಾರ. ನವರಾತ್ರಿಗೆ ಘಟ್ಟ ಹಾಕಲು ಹೊಸ ಗಡಿಗೆ ಬೇಕು. ದೀಪಾವಳಿಗೆ ಪಣತಿ. ಸಂಕ್ರಾಂತಿಗೆ ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಸುಗಡ ಪೂಜೆ. ಸುಗಡ ಅಂದರೆ ಪುಟ್ಟ ಪುಟ್ಟ ಮಣ್ಣಿನ ಗಡಿಗೆ. ಅದರೊಳಗೆ ಕಬ್ಬಿನ ತುಂಡು, ಬಾರಿಹಣ್ಣು, ಕಡಲೆ, ಎಳ್ಳು ತುಂಬುತ್ತಾರೆ. ಇನ್ನು ಮದುವೆಯ ಐರಣಿ ಗಡಿಗೆ, ಬೇಸಿಗೆಯ ನೀರಿನ ಹರವಿ ಬೇರೆ.

ಅಂದರೆ ಕುಂಬಾರರ ಓಣಿಗೆ ಹಬ್ಬ ಎಂದರೆ ವಿಶ್ರಾಂತಿ ಅಲ್ಲ, ಹಂಗಾಮು. ಜೂನ್‌ನಿಂದ ಜನವರಿಯವರೆಗೆ ಕೈಗೆ ಬಿಡುವಿಲ್ಲ. ಮನೆಯ ಹಿಂದೆ ತಿಗರಿ, ಅಂಗಳದಲ್ಲಿ ಒಣಗುವ ಗಡಿಗೆ, ಮುಂದಿನ ಕಟ್ಟೆಯ ಮೇಲೆ ಅಂಗಡಿ. ಕೆಲಸವೂ ಅಲ್ಲೇ, ವ್ಯಾಪಾರವೂ ಅಲ್ಲೇ. ಇಷ್ಟೆಲ್ಲ ಮಾಡಿಯೂ ಹಬ್ಬ ಮುಗಿದ ಮೇಲೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಇದು ಯಾಕೆ ಹೀಗೆ? ಅದನ್ನೇ ಇಲ್ಲಿ ನೋಡೋಣ.

ಬೆಲೆ ಕಟ್ಟುವುದು ಹೊಸ ಕೆಲಸ

ಹಿಂದೆ ಕುಂಬಾರರಿಗೆ ಬೆಲೆ ಕಟ್ಟುವ ಕೆಲಸವೇ ಹೆಚ್ಚು ಇರಲಿಲ್ಲ. ಅವರು ಊರಿನ ಆಯಗಾರರು. ಬಡಿಗೇರ, ಕಮ್ಮಾರ, ಅಗಸರ ಹಾಗೆ ಅವರೂ ಊರಿಗೆಲ್ಲ ಕೆಲಸ ಮಾಡುತ್ತಿದ್ದರು. ವರ್ಷವಿಡೀ ಗಡಿಗೆ, ಮುಚ್ಚಳ, ಎತ್ತು ಕೊಡುವುದು. ಸುಗ್ಗಿಯಲ್ಲಿ ರೈತರ ಕಣಕ್ಕೆ ಹೋಗಿ ಜೋಳ ತರುವುದು. ಮರಾಠಿ ಮಾತಾಡುವ ಊರುಗಳಲ್ಲಿ ಇದನ್ನು ಬಲುತೆ ಅನ್ನುತ್ತಿದ್ದರು. ಒಂದು ಗಡಿಗೆಗೆ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಪದ್ಧತಿ ಹೋಯಿತು. ಮನೆಯೊಳಗೆ ಸ್ಟೀಲು, ಪ್ಲಾಸ್ಟಿಕ್ ಬಂತು. ಈಗ ಮಣ್ಣಿಗೆ ರೊಕ್ಕ, ಕಟ್ಟಿಗೆಗೆ ರೊಕ್ಕ, ಟ್ರ್ಯಾಕ್ಟರಿಗೆ ರೊಕ್ಕ. ಕೊಳ್ಳುವುದೆಲ್ಲ ರೊಕ್ಕಕ್ಕೆ. ಆದರೆ ಮಾರುವಾಗ ಮಾತ್ರ ಹಳೆಯ ರೂಢಿ. "ಹೋಗ್ಲಿ ಬಿಡವಾ, ಎಷ್ಟರ ಕೊಡು" ಅಂತೀವಿ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಷ್ಟು ಕೂಲಿ ಎಂದು ಲೆಕ್ಕ ಇದೆ. ಆ ಕೂಲಿ ಸಾಲದು ಎಂದು ಅವರು ಜಗಳ ಮಾಡಬಹುದು. ಯಾಕೆಂದರೆ ಜಗಳ ಮಾಡಲು ಒಂದು ಅಂಕಿ ಇದೆ. ಮಣ್ಣು ತುಳಿಯುವ ಹೆಣ್ಣುಮಗಳಿಗೆ ಅಂಥ ಅಂಕಿಯೇ ಇಲ್ಲ. ಅವಳ ಕೆಲಸ ಮನೆಗೆಲಸದಲ್ಲಿ ಸೇರಿಹೋಗಿದೆ.

ಅವಳು ಏನೇನು ಮಾಡುತ್ತಾಳೆ? ಮಣ್ಣಿನ ಹೆಂಟೆ ಒಡೆದು, ಕಲ್ಲು ಆರಿಸಿ, ಸಾಣಿಸುತ್ತಾಳೆ. ನೀರಿನಲ್ಲಿ ನೆನೆಹಾಕುತ್ತಾಳೆ. ಉಸುಕು, ಬೂದಿ ಬೆರೆಸಿ ತುಳಿಯುತ್ತಾಳೆ. ಹಸಿ ಗಡಿಗೆಯನ್ನು ನೆರಳಿಗೆ, ಆಮೇಲೆ ಬಿಸಿಲಿಗೆ ಸರಿಸುತ್ತಾಳೆ. ಮಳೆ ಬಂದರೆ ಓಡಿ ಒಳಗೆ ಇಡುತ್ತಾಳೆ. ಕುಳ್ಳು ತಟ್ಟುತ್ತಾಳೆ. ಆವಿಗೆಗೆ ಹೊರುತ್ತಾಳೆ. ಬಣ್ಣ ಬಳಿಯುತ್ತಾಳೆ. ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಾಳೆ. ಇಷ್ಟಾದರೂ ಬಹಳ ಕಡೆ ತಿಗರಿ ಮಾತ್ರ ಹೆಣ್ಣು ಮುಟ್ಟಬಾರದು ಎಂಬ ರೂಢಿ ಇತ್ತು. ತಿಗರಿ ತಿರುಗಿಸುವವನೇ ಕುಂಬಾರ, ಉಳಿದದ್ದು ಕೆಲಸವೇ ಅಲ್ಲ ಎನ್ನುವ ಹಾಗೆ!

12ನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನವರ ಹೆಸರು ನಾವೆಲ್ಲ ಕೇಳಿದ್ದೇವೆ. ಅವರ ಹೆಂಡತಿ ಕೇತಲದೇವಿಯ ಹೆಸರು ಕೇಳಿದವರು ಕಡಿಮೆ. ಆಕೆಯೂ ವಚನ ರಚಿಸಿದ ಶರಣೆ.

ಒಂದು ಸಾವಿರ ಪಣತಿ

ಈಗ ಪಾಟಿ ಬಳಪ ತೆಗೆದುಕೊಳ್ಳಿರಿ. ಒಂದು ಲೆಕ್ಕ ಮಾಡೋಣ. ಇಲ್ಲಿಯ ಅಂಕಿಗಳು ಕಲಿಯಲು ಇಟ್ಟುಕೊಂಡವು. ನಿಮ್ಮ ಊರಿನ ಬೆಲೆ, ಕೂಲಿ ಹಾಕಿ ಮತ್ತೊಮ್ಮೆ ಮಾಡಿರಿ.

ಒಂದು ಸಾವಿರ ಪಣತಿ ಮಾಡಬೇಕು. ಮಣ್ಣು ಮತ್ತು ಉಸುಕಿಗೆ 200 ರೂಪಾಯಿ. ಕುಳ್ಳು, ಕಟ್ಟಿಗೆಗೆ 300. ತಿಗರಿಯ ಮೇಲೆ ಒಬ್ಬರ ಎರಡು ದಿನದ ಕೆಲಸ. ಮಣ್ಣು ಹದ ಮಾಡಿ, ಒಣಗಿಸಿ, ಸುಡಲು ಇನ್ನೊಬ್ಬರ ಎರಡು ದಿನ. ಒಟ್ಟು ನಾಲ್ಕು ದಿನ. ದಿನಕ್ಕೆ 300 ಕೂಲಿ ಹಿಡಿದರೆ 1200. ಎಲ್ಲ ಕೂಡಿಸಿದರೆ 1700 ರೂಪಾಯಿ ಆಯಿತು.

ಸಾವಿರಕ್ಕೆ ಸಾವಿರವೂ ಮಾರಾಟಕ್ಕೆ ಬರುವುದಿಲ್ಲ. ಕೆಲವು ಒಣಗುವಾಗ ಸೀಳುತ್ತವೆ, ಕೆಲವು ಆವಿಗೆಯಲ್ಲಿ ಒಡೆಯುತ್ತವೆ. 100 ಹೋದವು ಅನ್ನೋಣ. ಉಳಿದದ್ದು 900. ಒಡೆದದ್ದರ ಖರ್ಚನ್ನೂ ಇವೇ ಹೊರಬೇಕು. 1700ನ್ನು 900ರಿಂದ ಭಾಗಿಸಿದರೆ ಒಂದು ಪಣತಿಗೆ 1 ರೂಪಾಯಿ 89 ಪೈಸೆ ಬೀಳುತ್ತದೆ.

ಅಷ್ಟರಲ್ಲಿ ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ. "ಒಂದಕ್ಕ ಒಂದೂವರಿ ರೂಪಾಯಿ, ಎಲ್ಲಾ ಒಮ್ಮೆಲೆ ಒಯ್ತೀನಿ, ತಗೋ ಯವ್ವಾ ನಗದು" ಅಂತಾನೆ. 900ಕ್ಕೆ 1350 ರೂಪಾಯಿ. ನಾವು ಮಣ್ಣಿನ 200, ಕಟ್ಟಿಗೆಯ 300 ಮಾತ್ರ ಕಳೆಯುತ್ತೇವೆ. 850 ಲಾಭ ಎಂದು ಖುಷಿಪಡುತ್ತೇವೆ. ಅದು ಲಾಭ ಅಲ್ಲ. ಅದು ನಾಲ್ಕು ದಿನದ ಕೂಲಿ, ಅದೂ ಕಡಿಮೆ ಕೂಲಿ. ದಿನಕ್ಕೆ 212 ರೂಪಾಯಿ ಚಿಲ್ಲರೆ ಬಿತ್ತು. ಅದೇ ದಿನ 300ಕ್ಕೆ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗಬಹುದಿತ್ತು.

ಇನ್ನು ನಾವೇ ಮಾರಿದರೆ? 900 ಅಂದರೆ 75 ಡಜನ್. ಹಬ್ಬದ ಪೇಟೆಯಲ್ಲಿ ಡಜನ್‌ಗೆ 36ರಂತೆ ಹೋದರೆ 2700 ರೂಪಾಯಿ. ಗಾಡಿ ಬಾಡಿಗೆ 150, ಕೂಡುವ ಜಾಗಕ್ಕೆ 50, ಎರಡು ದಿನ ಬಿಸಿಲಲ್ಲಿ ಕೂತ ಕೂಲಿ 600. ಇವನ್ನೂ ಬಿಡಬಾರದು. ಒಟ್ಟು ಖರ್ಚು 2500. ಮೇಲೆ ಉಳಿದದ್ದು 200. ಬರೀ 200 ಏನು ಅನ್ನಬೇಡಿರಿ. ಆರು ದಿನದ ಪೂರ್ತಿ ಕೂಲಿ ಮನೆಗೆ ಬಂತು, ಅದರ ಮೇಲೆ 200 ಬಂತು.

ಹಾಗಂತ ವ್ಯಾಪಾರಿಗೆ ಕೊಡಲೇಬಾರದು ಎಂದಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ, ಪೇಟೆಗೆ ಹೋಗಲು ಜನ ಇಲ್ಲದಿದ್ದರೆ ಕೊಡಬೇಕಾಗುತ್ತದೆ. ಆದರೆ ಒಂದೂವರೆಗೆ ಯಾಕೆ ಆಗುವುದಿಲ್ಲ ಎಂದು ಹೇಳಲು ಬರಬೇಕು. "ನನಗ ಒಂದು ರೂಪಾಯಿ ಎಂಬತ್ತೊಂಬತ್ತು ಪೈಸೆ ಬಿದ್ದೈತಿ, ಎರಡಕ್ಕ ಕಡಿಮಿ ಆಗಂಗಿಲ್ಲ" ಎಂದರೆ ಅವನೂ ಒಂದು ಗಳಿಗೆ ನಿಂತು ಕೇಳುತ್ತಾನೆ. ಮುಂಗಡ ತಂದು ತಿಂದಿದ್ದರೆ ಮಾತ್ರ ಈ ಮಾತು ಗಂಟಲಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ತಂದ ಮುಂಗಡಕ್ಕೆ ದೀಪಾವಳಿಯ ಪಣತಿ ಒತ್ತೆ ಬಿದ್ದಿರುತ್ತದೆ. ಮುಂಗಡ ತೆಗೆದುಕೊಳ್ಳುವ ದಿನವೇ ಯಾವ ದರಕ್ಕೆ ಎಂದು ಬರೆಸಿಕೊಳ್ಳಿರಿ.

ಮಳೆ ಮತ್ತು ಆವಿಗೆ

ಒಡೆಯುವುದು ಕಡಿಮೆ ಆದರೆ ಅದೇ ಗಳಿಕೆ. ಒಣಗದ ಗಡಿಗೆಯನ್ನು ಸುಟ್ಟರೆ ಒಳಗಿನ ನೀರು ಉಗಿಯಾಗಿ ಹಿಗ್ಗುತ್ತದೆ, ಗಡಿಗೆ ಸಿಡಿಯುತ್ತದೆ. ಹೊರಗೆ ಒಣಗಿದ ಹಾಗೆ ಕಂಡರೂ ಬುಡದಲ್ಲಿ ಹಸಿ ಇರುತ್ತದೆ. ಬುಡವನ್ನು ಕೆನ್ನೆಗೆ ಹಿಡಿದು ನೋಡಿರಿ. ತಣ್ಣಗೆ ಅನಿಸಿದರೆ ಇನ್ನೂ ಹಸಿ. ದಸರೆಯ ಹೊತ್ತಿಗೆ ಹಿಂಗಾರಿ ಮಳೆ ಬರುತ್ತದೆ. ಆದ್ದರಿಂದ ದೀಪಾವಳಿಯ ಪಣತಿಯನ್ನು ದಸರೆ ಮುಗಿದ ಮೇಲೆ ಮಾಡೋಣ ಎಂದು ಕೂತರೆ ಕೆಡುತ್ತದೆ. ಗಣಪತಿ ಹಬ್ಬ ಮುಗಿದ ಕೂಡಲೇ ಶುರು ಮಾಡಿ ಒಣಗಿಸಿ ಇಡಬೇಕು.

ಸುಟ್ಟ ಮೇಲೂ ಅವಸರ ಬೇಡ. ಹಬ್ಬ ನಾಳೆ ಎಂದು ಬಿಸಿ ಆವಿಗೆ ಬಿಚ್ಚಿದರೆ ತಂಪು ಗಾಳಿ ಬಡಿದು ಸೀಳುತ್ತದೆ. ನಮ್ಮ ಕಡೆ ಉರಿಸಲು ಕಬ್ಬಿನ ರವದಿ ಬೇಕಾದಷ್ಟು ಸಿಗುತ್ತದೆ. ಆದರೆ ಅದು ಭಗ್ಗನೆ ಉರಿದು ಮುಗಿಯುತ್ತದೆ. ನಿಧಾನದ ಕಾವಿಗೆ ಕುಳ್ಳೇ ಬೇಕು. ರವದಿ ಪೇಟೆಗೆ ಒಯ್ಯುವಾಗ ಗಡಿಗೆಗಳ ನಡುವೆ ತುರುಕಲು ಬಹಳ ಒಳ್ಳೆಯದು.

ಗಣಪತಿಯ ಕತೆ ಬೇರೆ. ಅವನನ್ನು ಸುಡುವುದಿಲ್ಲ. ಹಸಿ ಮಣ್ಣು ಒಣಗಿದ್ದರೆ ಮಾತ್ರ ನೀರಿನಲ್ಲಿ ಕರಗುತ್ತದೆ. ಸುಟ್ಟ ಮಣ್ಣು ಕರಗುವುದಿಲ್ಲ. ಪಿ.ಒ.ಪಿ. ಗಣಪತಿಯೂ ಬೇಗ ಕರಗುವುದಿಲ್ಲ. ಅದಕ್ಕೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಣ್ಣಿನ ಮೂರ್ತಿಯನ್ನೇ ಬಳಸಿರಿ ಎಂದು ಹೇಳಿದೆ. ಪಿ.ಒ.ಪಿ. ಹಗುರ, ಅಗ್ಗ, ಹೊಳಪು ಹೆಚ್ಚು. ಅದರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲು ನಮಗೆ ಆಗುವುದಿಲ್ಲ. ನಮ್ಮ ಬಲ ಬೇರೆ ಇದೆ. ಚೌತಿ ಮುಗಿದ ಮೇಲೆ ಉಳಿದ ಪಿ.ಒ.ಪಿ. ಮೂರ್ತಿಯನ್ನು ಮುಂದಿನ ವರ್ಷದ ತನಕ ಕಾಯ್ದು ಇಡಬೇಕು. ನಮ್ಮ ಬಣ್ಣ ಹಚ್ಚದ ಮಣ್ಣಿನ ಗಣಪತಿ ಉಳಿದರೆ ನೆನೆಹಾಕಿ ಪಣತಿ ಮಾಡಬಹುದು! ಅದಕ್ಕೇ ಎಲ್ಲಕ್ಕೂ ಮೊದಲೇ ಬಣ್ಣ ಬಳಿಯಬೇಡಿರಿ. ಗಿರಾಕಿ ಹೇಳಿದ ಮೇಲೆ ಬಳಿಯಿರಿ.

ಕಟ್ಟೆಯ ಮೇಲಿನ ಅಂಗಡಿ

ಗಿರಾಕಿ ಮೊದಲು ಗಡಿಗೆಯನ್ನು ಬಾರಿಸಿ ನೋಡುತ್ತಾಳೆ. ಟಣ್ ಎಂದರೆ ಗಟ್ಟಿ, ಬದ್ದ್ ಎಂದರೆ ಸೀಳು. ಅವಳು ಬಾರಿಸುವ ಮೊದಲು ನಾವೇ ಬಾರಿಸಿ ಆರಿಸಿ ಇಡೋಣ. ಸೀಳಿದ್ದನ್ನು ಬೇರೆ ಸಾಲಿನಲ್ಲಿಟ್ಟು, ಗಿಡ ಹಚ್ಚಲು ಎಂದು ಕಡಿಮೆಗೆ ಕೊಡೋಣ. ಬೆಲೆಯನ್ನು ಪಾಟಿಯ ಮೇಲೆ ದೊಡ್ಡದಾಗಿ ಬರೆದು ಇಡಿರಿ. ಬರೆದ ಬೆಲೆಯ ಮುಂದೆ ಚೌಕಾಸಿ ಸ್ವಲ್ಪ ಕಡಿಮೆ.

ಕೊಳ್ಳುವವರಿಗೆ ಬಳಸುವ ರೀತಿಯನ್ನೂ ಹೇಳಿರಿ. ಹೊಸ ಪಣತಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒರೆಸಿ ಹಚ್ಚಿದರೆ ಎಣ್ಣೆ ಕಡಿಮೆ ಕುಡಿಯುತ್ತದೆ. ನೀರಿನ ಹರವಿಗೆ ಎಣ್ಣೆಬಣ್ಣ ಬೇಡ. ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರಿದರೇ ಒಳಗಿನ ನೀರು ತಂಪಾಗುವುದು. ಬಣ್ಣ ಆ ರಂಧ್ರ ಮುಚ್ಚುತ್ತದೆ. ಅಡಿಗೆಯ ಗಡಿಗೆಯ ಒಳಗೂ ಬಣ್ಣ ಬಳಿಯಬಾರದು. ಕೆಲವು ಬಣ್ಣಗಳಲ್ಲಿ ಸೀಸ ಇರುತ್ತದೆ, ಅದು ವಿಷ.

ಗಣಪತಿಯನ್ನು ಮೊದಲೇ ಹೇಳಿ ಹೋಗುವವರು ಬಹಳ. ಒಂದೇ ಮೂರ್ತಿಗೆ ಇಬ್ಬರು ಬಂದು ನಿಂತರೆ ಹಬ್ಬದ ದಿನ ಜಗಳ. ಅದಕ್ಕೆ ವಹಿಯಲ್ಲಿ ನಾಲ್ಕು ಮನೆ ಗೆರೆ ಹಾಕಿರಿ. ಹೆಸರು, ಎಷ್ಟು ಎತ್ತರ, ಮುಂಗಡ ಎಷ್ಟು, ಬಾಕಿ ಎಷ್ಟು. ಅದೇ ಹೆಸರನ್ನು ಚೀಟಿಯಲ್ಲಿ ಬರೆದು ಮಣೆಯ ಕೆಳಗೆ ಅಂಟಿಸಿರಿ. ಉದ್ರಿಯನ್ನೂ ಬರೆಯಿರಿ. ಬೀಗರದ್ದಾದರೂ ಬರೆಯಿರಿ.

ಈಗ ಬಹಳ ಜನ ಫೋನಿನಿಂದ ರೊಕ್ಕ ಹಾಕುತ್ತಾರೆ. ಅಂಗಡಿಯ ಮುಂದೆ ಕ್ಯೂಆರ್ ಚೀಟಿ ತೂಗುತ್ತದೆ. ಅದು ಯಾರ ಖಾತೆ? ಎಷ್ಟೋ ಕಡೆ ಕಟ್ಟೆಯ ಮೇಲೆ ಕೂತವಳು ತಾಯಿ, ರೊಕ್ಕ ಹೋಗುವುದು ಮಗನ ಖಾತೆಗೆ. ಸಂಜೆ ಎಷ್ಟು ಬಂತು ಎಂದು ಅವಳು ಮಗನನ್ನೇ ಕೇಳಬೇಕು. ಬ್ಯಾಂಕಿನಲ್ಲಿ ನಮ್ಮ ಹೆಸರಿನ ಖಾತೆ ಇದ್ದರೆ ನಮ್ಮ ಹೆಸರಿನದೇ ಚೀಟಿ ಮಾಡಿಸಬಹುದು.

ಸರಕಾರದ ಸೌಲಭ್ಯದಲ್ಲೂ ಈ ಹೆಸರಿನ ಮಾತು ಬರುತ್ತದೆ. 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ನೆರವು ಇದೆ. ಜಾಮೀನು ಇಲ್ಲದೆ ಮೊದಲು 1 ಲಕ್ಷದವರೆಗೆ ಸಾಲ, ಶೇಕಡಾ 5ರ ಬಡ್ಡಿ. ಆದರೆ ಒಂದು ಮನೆಯಿಂದ ಒಬ್ಬರ ಹೆಸರು ಮಾತ್ರ. ಯಾರ ಹೆಸರು ಎಂದು ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ಕೂತು ಮಾತಾಡಿರಿ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಕರೆಂಟಿನ ತಿಗರಿಗೆ ಕೋಲು ಹಾಕಿ ಜೋರಾಗಿ ತಿರುಗಿಸುವ ಕಷ್ಟ ಇಲ್ಲ. ಗುಂಡಿ ಒತ್ತಿದರೆ ತಿರುಗುತ್ತದೆ. ಹೆಣ್ಣು ಮುಟ್ಟಬಾರದು ಎಂಬ ಮಾತು ಅದಕ್ಕೂ ಅಂಟಿಕೊಳ್ಳದಂತೆ ನೋಡಿಕೊಳ್ಳೋಣ.

ದೀಪಾವಳಿಯ ಸಂಜೆ ಬುಟ್ಟಿಯಲ್ಲಿ ಪಣತಿ ಉಳಿದರೆ ಸಿಕ್ಕಷ್ಟಕ್ಕೆ ಸುರಿದು ಬರುವ ರೂಢಿ ಇದೆ. ಹಾಗೆ ಮಾಡಬೇಡಿರಿ. ಪಣತಿ ಕೆಡುವ ವಸ್ತು ಅಲ್ಲ. ಮುಂದೆ ಇಡೀ ಕಾರ್ತಿಕ ಮಾಸ ಇದೆ, ಗುಡಿ ಗುಡಿಯಲ್ಲಿ ದೀಪ ಹಚ್ಚುತ್ತಾರೆ. ಗುಡಿಯವರನ್ನು ಮೊದಲೇ ಕೇಳಿ ಎಷ್ಟು ಬೇಕೆಂದು ಬರೆದುಕೊಳ್ಳಿರಿ. ಆ ತಿಂಗಳಲ್ಲೇ ಸುಗಡದ ಮಣ್ಣು ನೆನೆಹಾಕಿದರೆ ಸಂಕ್ರಾಂತಿಗೆ ಸರಿಯಾಗಿ ಒಣಗಿ, ಸುಟ್ಟು, ನಿಪ್ಪಾಣಿ ಪೇಟೆಗೆ ಮುಟ್ಟುತ್ತದೆ.