ಗುಂಬೊ ಅಂದ್ರೆ ನಮ್ಮ ಬೆಂಡೆಯೇ!

ಮಳೆಗಾಲದ ಬಿತ್ತನೆ ಹತ್ತಿರ ಬಂತು ಅಂದ್ರೆ ವಾಟ್ಸಾಪ್‌ನಲ್ಲಿ ಪ್ರಶ್ನೆಗಳ ಸಾಲು. ಈ ಸಲ ಬಂದದ್ದು ಇದು: "ಅಣ್ಣ, ಆನ್‌ಲೈನ್‌ನಲ್ಲಿ ಗುಂಬೊ ಬೀಜ ಅಂತ ಮಾರ್ತಾ ಇದ್ದಾರೆ. ಎಂತ ಹೊಸ ತರಕಾರಿ ಮಾರ್ರೆ ಇದು? ನಮ್ಮ ಬಿಜೂರಲ್ಲಿ ಆಗ್ತದಾ?"

ಆಗ್ತದೆ. ಅಜ್ಜಿ ಕಾಲದಿಂದ ಹಿತ್ತಲಲ್ಲಿ ಆಗ್ತಾನೇ ಇದೆ. ಗುಂಬೊ ಅಂದ್ರೆ ಬೆಂಡೆ.

ಹೆಸರು ಮಾತ್ರ ಬಹಳ ದೂರದ್ದು. ಆಫ್ರಿಕಾದ ಅಂಗೋಲ ಕಡೆಯ ಬಾಂಟು ಭಾಷೆಗಳಲ್ಲಿ ಬೆಂಡೆಗೆ 'ಕಿಂಗೊಂಬೊ', 'ಓಚಿಂಗೊಂಬೊ' ಎಂಬಂಥ ಹೆಸರುಗಳಿವೆ. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಹಿಡಿದು ಅಮೆರಿಕ ಖಂಡಕ್ಕೆ ಸಾಗಿಸಿದರಲ್ಲ, ಆಗ ಬೆಂಡೆಯೂ ಅದರ ಹೆಸರೂ ಅವರ ಜೊತೆ ಕಡಲು ದಾಟಿದವು. ಫ್ರೆಂಚರ ಕೈಲಿದ್ದ ಲೂಸಿಯಾನಕ್ಕೆ ಇಂಥ ಮೊದಲ ಹಡಗುಗಳು ಬಂದದ್ದು 1719ರಲ್ಲಿ. ಊರು, ಮನೆ, ಮೈಮೇಲಿನ ಹಕ್ಕು ಎಲ್ಲ ಕಳೆದುಕೊಂಡವರ ಬಾಯಲ್ಲಿ ಒಂದು ತರಕಾರಿಯ ಹೆಸರು ಉಳಿಯಿತು. ಫ್ರೆಂಚ್‌ನಲ್ಲಿ ಇವತ್ತಿಗೂ ಬೆಂಡೆ 'ಗೊಂಬೊ'ವೇ. ಇಂಗ್ಲಿಷಿನ 'ಓಕ್ರಾ' ಕೂಡ ಆಫ್ರಿಕಾದ್ದೇ, ನೈಜೀರಿಯಾದ ಇಗ್ಬೊ ಭಾಷೆಯಿಂದ ಬಂದದ್ದು.

ಲೂಸಿಯಾನದಲ್ಲಿ ಈಗ ಗುಂಬೊ ಅಂದ್ರೆ ಸಿಗಡಿ, ಏಡಿ, ಕೋಳಿ ಹಾಕಿದ ಮಂದ ಸಾರು. ಅದನ್ನು ಮಂದ ಮಾಡುವುದಕ್ಕೆ ಬೆಂಡೆಯ ಲೋಳೆ. (ಬೆಂಡೆ ಬದಲು ಸಾಸಫ್ರಾಸ್ ಮರದ ಎಲೆಪುಡಿ ಹಾಕುವುದೂ ಉಂಟು. ಆ ಪುಡಿಗೆ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನ 'ಕೊಂಬೊ' ಅನ್ನುತ್ತಿದ್ದರು, ಗುಂಬೊ ಹುಟ್ಟಿದ್ದು ಅದರಿಂದ ಅನ್ನುವವರೂ ಇದ್ದಾರೆ. ನನಗೆ ಬೆಂಡೆಯ ದಾರಿಯೇ ಸರಿ ಕಾಣುತ್ತದೆ.) ಮಳೆಗೆ ಕಾಲಿಗಂಟುವ ಜೇಡಿ ಮಣ್ಣಿಗೂ ಅಮೆರಿಕದ ರೈತರು ಗುಂಬೊ ಅಂತಾರೆ!

ನಾವೋ, ಆ ಲೋಳೆ ಓಡಿಸುವುದಕ್ಕೇ ಹುಣಸೆಹುಳಿ ಹಾಕ್ತೇವೆ, ಎಣ್ಣೆಯಲ್ಲಿ ಹುರೀತೇವೆ. ಆದರೆ ಆಲೆಮನೆಯವರನ್ನು ಕೇಳಿ. ಬೆಂಡೆಗಿಡ ಜಜ್ಜಿ, ನೀರಲ್ಲಿ ಕಿವುಚಿ, ಕುದಿಯುವ ಕಬ್ಬಿನ ಹಾಲಿಗೆ ಹಾಕಿದರೆ ಕೊಳೆಯೆಲ್ಲ ಲೋಳೆಗೆ ಅಂಟಿ ಮೇಲೆ ತೇಲುತ್ತದೆ. ಬೆಲ್ಲ ಶುದ್ಧವಾಗುವುದು ಹಾಗೆ.

ನಮ್ಮ 'ಬೆಂಡೆ'ಗೂ ಬಳಗ ದೊಡ್ಡದು: ತೆಲುಗಿನ ಬೆಂಡ, ಮಲಯಾಳದ ವೆಂಡ, ತಮಿಳಿನ ವೆಂಡೈ, ಮರಾಠಿಯ ಭೇಂಡಿ, ಹಿಂದಿಯ ಭಿಂಡಿ. ನಮ್ಮ ಬಾಳೆ ತಮಿಳಲ್ಲಿ ವಾಳೈ ಆಗುವ ಹಾಗೆಯೇ ಇದೂ.

ಹಾಗಾಗಿ ಆನ್‌ಲೈನ್ ಬೀಜ ಕೊಳ್ಳುವ ಮೊದಲು ಪೊಟ್ಟಣದ ಮೇಲೆ ಸಸ್ಯಶಾಸ್ತ್ರದ ಹೆಸರು ನೋಡಿ. ಅಬೆಲ್‌ಮಾಸ್ಕಸ್ ಎಸ್ಕುಲೆಂಟಸ್ ಅಂತ ಇದ್ದರೆ ಅದು ಬೆಂಡೆ. ಹೊಸ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.

ತಳಿ ಬೇರೆ ಅಂತ ಬೇಕೇ ಬೇಕು ಅನಿಸಿದರೆ ಹಾಕಿ, ಆದರೆ ಮನೆಯ ಊರ ಬೆಂಡೆಯ ಪಕ್ಕ ಬೇಡ. ಬೆಂಡೆ ತನ್ನ ಹೂವಿನಲ್ಲೇ ಕಾಯಿ ಕಟ್ಟುತ್ತದೆ ನಿಜ, ಆದರೂ ಜೇನ್ನೊಣ ಪಕ್ಕದ ಗಿಡದ ಪರಾಗ ತರುತ್ತದೆ. ಎರಡು ಮೂರು ವರ್ಷದಲ್ಲಿ ಅಜ್ಜಿಯ ತಳಿ ಕಲಬೆರಕೆ. ಜಾಗ ಕಡಿಮೆ ಇದ್ದವರು ಬೀಜಕ್ಕೆ ಬೇಕಾದ ನಾಲ್ಕು ಒಳ್ಳೆ ಗಿಡ ಗುರುತಿಸಿ, ನಾಳೆ ಅರಳುವ ಮೊಗ್ಗಿಗೆ ಇವತ್ತು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ಹೂ ಬಾಡಿದ ಮೇಲೆ ಚೀಲ ಬಿಚ್ಚಿ, ಆ ಕಾಯಿಗೆ ಬಣ್ಣದ ದಾರ ಕಟ್ಟಿಬಿಡಿ. ಇಲ್ಲದಿದ್ದರೆ ಮನೆಯವರು ಹುಳಿಗೆ ಕೊಯ್ದುಬಿಡ್ತಾರೆ.