ಕುಕನೂರಿನಲ್ಲಿ ಒಂದು ನಾಟಕದ ರಾತ್ರಿ

ಗುದ್ನೇಶ್ವರನ ಜಾತ್ರೆಯನ್ನು ಒಮ್ಮೆಯಾದರೂ ಕಂಡವರಿಗೆ ಅದನ್ನು ಬಣ್ಣಿಸಿ ಹೇಳುವ ಕಾರಣವಿಲ್ಲ. ತೇರು, ಬೆಂಡು-ಬತ್ತಾಸು, ಬಳೆಯ ಅಂಗಡಿಗಳ ಸಾಲು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಇವೆಲ್ಲ ನಮ್ಮ ಸೀಮೆಯ ಯಾವ ಜಾತ್ರೆಯಲ್ಲಿಯೂ ಇರುವಂಥವೇ. ಆದರೆ ನಾವು ಐವರು ಮಿತ್ರರು ಕುಕನೂರಿಗೆ ಹೋದದ್ದು ತೇರಿಗಾಗಿ ಅಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವದು ಒಳ್ಳೆಯದು. ಜಾತ್ರೆಯ ಬಯಲಿನಲ್ಲಿ ತಗಡಿನ ಥೇಟರು ಹೂಡಿದ್ದ ಕಂಪನಿಯ ನಾಟಕವನ್ನು ನೋಡಬೇಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ರಂಗದ ಮುಂದಿನ ತಗ್ಗಿನಲ್ಲಿ ಕೂಡ್ರುವ ಪೇಟಿ-ತಬಲೆಯ ಮೇಳವನ್ನು ಕೇಳಬೇಕು, ಇದೇ ನಮ್ಮ ಉದ್ದೇಶವಾಗಿತ್ತು.

ಇದಕ್ಕೆ ಹಟ ಹಿಡಿದವರು ನಮ್ಮಲ್ಲಿಯ ಹಿರಿಯರಾದ ಮಾಸ್ತರರು. ಶಾಲೆಯ ಕೆಲಸದಿಂದ ನಿವೃತ್ತರಾಗಿ ಬಹಳ ವರುಷಗಳಾದವು. ಹರೆಯದಲ್ಲಿ ಹತ್ತು ಹರದಾರಿ ನಡೆದಾದರೂ ನಾಟಕ ನೋಡುವರು. ನೋಡಿ ಬಂದ ಮೇಲೆ ಕತೆಯನ್ನು ಹೇಳಲಾರರು, ಯಾವ ಹಾಡು ಯಾವ ರಾಗದಲ್ಲಿತ್ತೆಂಬುದನ್ನು ಮಾತ್ರ ತಪ್ಪದೆ ಹೇಳುವರು. ಅಂಥವರ ಕಿವಿ ಈಗೆರಡು ವರುಷಗಳಿಂದ ಮಂದವಾಗುತ್ತ ನಡೆದಿದೆ. ವಯಸ್ಸಿನ ಕಿವುಡುತನದ ರೀತಿ ವಿಚಿತ್ರವಾದುದು. ಅದು ಎಲ್ಲ ಸದ್ದನ್ನೂ ಒಮ್ಮೆಲೇ ಕಸಿದುಕೊಳ್ಳುವದಿಲ್ಲ. ಮೊದಲು ಎತ್ತರದ ಸ್ವರಗಳನ್ನು ಒಯ್ಯುವದು. ಗಾಡಿಯ ಗಡಗಡ ಕೇಳಿಸುವದು, ಮೊಮ್ಮಗಳ ಮಾತು ತಪ್ಪುವದು. ಒಳಗಿವಿಯಲ್ಲಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವದಿಲ್ಲವಂತೆ. ಡಾಕ್ಟರರು ಎರಡೂ ಕಿವಿಗಳಿಗೆ ಯಂತ್ರಗಳನ್ನು ಕೊಟ್ಟು, ಉಳಿದುದನ್ನು ಕಾಯ್ದುಕೊಳ್ಳಿರಿ ಎಂದು ಹೇಳಿ ಕಳಿಸಿದ್ದರು. “ಮುಂದಿನ ಜಾತ್ರಿಗೆ ಕೇಳಸತದೋ ಇಲ್ಲೋ, ಈ ಸಲ ಕರಕೊಂಡು ಹೋಗ್ರಿ” ಎಂದು ಮಾಸ್ತರರು ಎಂದಾಗ ನಮ್ಮಲ್ಲಿ ಯಾರೂ ಬೇರೆ ಮಾತಾಡಲಿಲ್ಲ.

ಈಚಿನ ವರೆಗೆ ಯಲಬುರ್ಗೆಗೆ ಸೇರಿದ್ದ ಕುಕನೂರು ಈಗ ತಾನೇ ಒಂದು ತಾಲೂಕಿನ ಸ್ಥಳವಾಗಿದೆ. ಇತಿಹಾಸ ಬಲ್ಲವರು ಈ ಊರಿಗೆ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯನ್ನೂ ಕಲ್ಲೇಶ್ವರನ ಗುಡಿಯನ್ನೂ ನೋಡಲಿಕ್ಕೆ ಬರುವರು. ನಾಟಕ ಬಲ್ಲವರಿಗೆ ಇದು ಬೇರೊಂದು ಕಾರಣಕ್ಕೆ ಪರಿಚಿತ. ರಹಿಮಾನವ್ವ ಕಲ್ಮನಿಯವರು ಇದೇ ಊರಿನವರು; ವಿಶ್ವಭಾರತಿ ರಮ್ಯ ನಾಟಕ ಸಂಘವು ಕುಕನೂರಿನ ಹೆಸರನ್ನು ಹೊತ್ತು ಊರೂರು ತಿರುಗಿದ ಕಂಪನಿ. ೧೯೪೮ರ ಸೆಪ್ಟೆಂಬರದ ವರೆಗೆ ಈ ಸೀಮೆ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಸರಕಾರದ ಕಚೇರಿಯ ಭಾಷೆ ಉರ್ದುವಾಗಿತ್ತು. ಅತ್ತ ಗದಗು ಮುಂಬಯಿ ಇಲಾಖೆಯದು. ಹಗಲೆಲ್ಲ ಕಚೇರಿಯ ಕಾಗದವನ್ನು ಇನ್ನೊಬ್ಬರಿಂದ ಓದಿಸಿ ತಿಳಿದುಕೊಳ್ಳಬೇಕಾಗಿದ್ದ ರೈತನು, ರಾತ್ರಿ ನಾಟಕದ ಡೇರೆಯಲ್ಲಿ ಕೂತು ತುಂಬುಗನ್ನಡವನ್ನು ಬೆಳಗಿನ ವರೆಗೆ ಕೇಳುವದೆಂದರೆ ಏನಾಗಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು. ಈ ಭಾಗದ ಮುದುಕರ ಬಾಯಲ್ಲಿ ನಾಟಕದ ಮಾತುಗಳು ಇಂದಿಗೂ ಗಾದೆಗಳಂತೆ ಉದುರುವದು ಸುಮ್ಮನೆ ಅಲ್ಲ.

ರಾತ್ರಿ ಹತ್ತಕ್ಕೆ ಆಟ. ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಹಿಂಡಿಗಳನ್ನು ಮರದ ಕೆಳಗೆ ಕೂತು ತೀರಿಸಿ, ದುಪ್ಪಟಿಗಳನ್ನು ಹೊದ್ದು ನಾವು ಥೇಟರಿನ ಬಾಗಿಲಿಗೆ ಬಂದೆವು. ಮುಂದಿನ ಸಾಲಿನ ಕುರ್ಚಿಯೇ ಬೇಕು, ಅದರಲ್ಲಿಯೂ ಪೇಟಿ ಇರುವ ಮಗ್ಗುಲಿನ ತುದಿಯೇ ಬೇಕು ಎಂದು ಮಾಸ್ತರರು ಟಿಕೀಟು ಕೊಡುವವನೊಡನೆ ಹೂಡಿದ ವಾದವನ್ನು ಇಲ್ಲಿ ಬರೆಯುವದಿಲ್ಲ. ಗೆದ್ದವರು ಮಾಸ್ತರರು.

ಆ ದಿನದ ಆಟ ‘ರಕ್ತರಾತ್ರಿ’. ಕಂದಗಲ್ಲ ಹನುಮಂತರಾಯರ ಈ ಪೌರಾಣಿಕ ನಾಟಕವನ್ನು ನೋಡದ ಹಳ್ಳಿ ಉತ್ತರ ಕರ್ನಾಟಕದಲ್ಲಿ ವಿರಳ. ಅಲ್ಲಿಯ ಮಾತುಗಳ ಅಬ್ಬರವನ್ನು ಮೆಚ್ಚುವವರೇ ಬಹಳ. ಆದರೂ ಗ್ರಂಥದಲ್ಲಿಲ್ಲದ ಹಾಡುಗಳನ್ನು ನಡುನಡುವೆ ಸೇರಿಸುವದು ಕಂಪನಿಗಳ ವಾಡಿಕೆಯಾದ್ದರಿಂದ ಸಂಗೀತಕ್ಕೂ ಎಡೆ ಸಿಗುವದು. ತಗ್ಗಿನಲ್ಲಿದ್ದವರು ಮೂವರು. ತಲೆಗೆ ಮಫ್ಲರು ಸುತ್ತಿದ್ದ ಸಣಕಲು ಮೈಯ ಪೇಟಿ ಮಾಸ್ತರರು, ತಬಲಜಿ, ಮತ್ತು ಗುಡುಗು ಸಿಡಿಲುಗಳನ್ನು ಗುಂಡಿಯೊತ್ತಿ ಹೊರಡಿಸುವ ಕೀಬೋರ್ಡಿನ ತರುಣ. ಆ ಪೇಟಿಯ ಬಿಳಿ ಮನೆಗಳು ಬೆರಳು ತಾಗಿ ತಾಗಿ ನಡುವೆ ಸವೆದು ಹಳದಿಯಾಗಿದ್ದವು.

ಪೇಟಿಯ ಕತೆಯೂ ಸಣ್ಣದಲ್ಲ. ೧೮೪೦ರ ಸುಮಾರಿಗೆ ಪ್ಯಾರಿಸಿನಲ್ಲಿ ಹುಟ್ಟಿ, ಕಾಲಿನಿಂದ ಗಾಳಿಯೊತ್ತುವ ಮೇಜಿನಂಥ ವಾದ್ಯವಾಗಿ ನಮ್ಮ ದೇಶಕ್ಕೆ ಬಂದ ಅದನ್ನು, ನೆಲಕ್ಕೆ ಕೂತು ಒಂದು ಕೈಯಿಂದ ಭಾತೆ ಹಾಕುತ್ತ ನುಡಿಸುವಂತೆ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರು, ೧೮೭೫ರ ಮಾತು. ಮನೆಗಳ ಸ್ವರ ಗಟ್ಟಿಯಾಗಿ ನಿಂತುಬಿಡುವದರಿಂದ ಮೀಂಡ ಬಾರದು, ನಮ್ಮ ಶ್ರುತಿಗಳು ನುಡಿಯವು ಎಂದು ವಿದ್ವಾಂಸರು ಅದನ್ನು ಹಳಿದರು; ೧೯೪೦ರಲ್ಲಿ ಆಕಾಶವಾಣಿಯು ಅದಕ್ಕೆ ಬಾಗಿಲನ್ನೇ ಮುಚ್ಚಿತು. ಆ ಬಹಿಷ್ಕಾರ ಸಡಿಲಾದದ್ದು ೧೯೭೧ರಲ್ಲಿ. ನಾಟಕದವರು ಮಾತ್ರ ಈ ಜಗಳಕ್ಕೆ ಕಿವಿಗೊಡಲಿಲ್ಲ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಹಿಂದಿನ ಸಾಲಿನ ಎತ್ತಿನ ಗಾಡಿಯವನಿಗೂ ಶ್ರುತಿ ಮುಟ್ಟಬೇಕಾದರೆ ತಂಬೂರಿಯಿಂದ ಆಗುವಂತಿರಲಿಲ್ಲ.

ಈ ತಗ್ಗಿನ ಋಣ ದೊಡ್ಡ ದೊಡ್ಡವರ ಮೇಲಿದೆ. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದವರು. ಗದುಗಿನ ಪುಟ್ಟರಾಜ ಗವಾಯಿಗಳು ತಮ್ಮ ಗುರು ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿಯ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಯಿಸಿದರು; ತಾವೇ ನಾಟಕಗಳನ್ನು ರಚಿಸಿದರು. ಅಲ್ಲಿ ಕಲಿತವರು ಎಷ್ಟೋ ಕಂಪನಿಗಳ ತಗ್ಗುಗಳಲ್ಲಿ ಕೂತು ನುಡಿಸಿದ್ದಾರೆ.

ಮೂರನೆಯ ಗಂಟೆ ಹೊಡೆಯಿತು, ನಾಂದಿಯಾಯಿತು, ಪರದೆ ಎದ್ದಿತು. ಮೊದಲ ಮಾತಿಗೇ ನಮ್ಮ ಎದೆ ಝಲ್ಲೆಂದಿತು. ಅಭಿನಯದಿಂದಲ್ಲ, ಧ್ವನಿವರ್ಧಕದಿಂದ! ತಗಡಿನ ಗೋಡೆಗಳ ನಡುವೆ ನಾಲ್ಕು ದೊಡ್ಡ ಪೆಟ್ಟಿಗೆಗಳನ್ನಿಟ್ಟು ಆ ಪರಿ ಕಿರಿಚಿಸುವ ಅವಶ್ಯಕತೆ ಏನೆಂಬುದು ನಮಗೆ ಇಂದಿಗೂ ತಿಳಿದಿಲ್ಲ. (ಭಾರತದ ಕತೆಯೊಳಗೆ ಹಾಸ್ಯಗಾರನು ನುಗ್ಗಿಸಿದ ಎರಡರ್ಥದ ಮಾತುಗಳೂ ಅಷ್ಟೇ ದೊಡ್ಡದಾಗಿ ಕೇಳಿಸಿದವು, ಮಗ್ಗುಲಲ್ಲಿ ಹೆಣ್ಣುಮಕ್ಕಳನ್ನು ಕೂಡ್ರಿಸಿಕೊಂಡಿದ್ದ ಗೃಹಸ್ಥರೊಬ್ಬರು ಚುರುಮುರಿಯ ಪೊಟ್ಟಣವನ್ನೇ ದಿಟ್ಟಿಸಿ ನೋಡುತ್ತಿದ್ದರು.) ಕಿವಿಯ ಯಂತ್ರಕ್ಕೆ ಇಂಥ ಗದ್ದಲ ಆಗಿಬಾರದು. ಅದು ದೊಡ್ಡ ಸದ್ದುಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿ ಒಳಗೆ ಸುರಿಯುವದು. ಅರ್ಧ ತಾಸಿನಲ್ಲಿ ಮಾಸ್ತರರು ಎರಡೂ ಯಂತ್ರಗಳನ್ನು ಕಿತ್ತು ಡಬ್ಬಿಯಲ್ಲಿಟ್ಟು ಕಿಸೆಗೆ ಸೇರಿಸಿದರು.

ಆ ಮೇಲೆ ಅವರು ರಂಗವನ್ನು ನೋಡಲೇ ಇಲ್ಲ. ಪೇಟಿ ಮಾಸ್ತರರ ಬೆರಳುಗಳನ್ನು ನೋಡಿದರು. ರಂಗದ ಅಂಚಿನ ಹಲಗೆ ಕೈಗೆಟಕುವಷ್ಟು ಹತ್ತಿರವಿತ್ತು. ಅದರ ಮೇಲೆ ಅಂಗೈ ಊರಿ ಡಗ್ಗಾದ ಪೆಟ್ಟುಗಳನ್ನು ಎಣಿಸುತ್ತ ಕೂತರು. ನಾವೂ ಅವರ ನೋಟವನ್ನು ಹಿಡಿದು ಅತ್ತ ನೋಡಹತ್ತಿದಾಗ, ಅಷ್ಟು ವರುಷ ನಾಟಕ ನೋಡಿಯೂ ಕಾಣದಿದ್ದುದನ್ನು ಕಂಡೆವು. ಪಾತ್ರಧಾರಿಯ ಮಾತು ಮುಗಿಯಲಿಕ್ಕೆ ಇನ್ನೂ ಒಂದು ವಾಕ್ಯ ಇರುವಾಗಲೇ ಪೇಟಿ ಮೆಲ್ಲಗೆ ಷಡ್ಜವನ್ನು ಹಿಡಿದು ನಿಲ್ಲುವದು. ಅವನು ಅದನ್ನು ಮಾತಿನ ನಡುವೆಯೇ ಕೇಳಿಸಿಕೊಂಡು ಹಾಡಿಗೆ ಜಾರುವನು. ಅವನು ಉಸಿರುಗಟ್ಟಿದನೋ, ಪೇಟಿ ಆ ಸಂದಿಯನ್ನು ತುಂಬುವದು. ಅವನೊಂದು ಸಾಲನ್ನು ಮರೆತನೋ, ತಬಲಜಿ ಒಂದು ತಿಹಾಯಿಯನ್ನು ಬಾರಿಸಿ ಅವನಿಗೆ ನೆನಪಾಗುವಷ್ಟು ಕಾಲವನ್ನು ದೊರಕಿಸಿಕೊಡುವನು. ಜನ ಇದಾವುದನ್ನೂ ಅರಿಯರು; ಅರಿಯಬಾರದೆಂದೇ ಆ ಮೂವರೂ ದುಡಿಯುವರು.

ಒಂದೂವರೆಯ ಸುಮಾರಿಗೆ ದ್ರೌಪದಿಯು ಶೋಕದ ಹಾಡಿಗೆ ಬಾಯಿ ತೆರೆದಳು. ಅದೇ ಕ್ಷಣಕ್ಕೆ ದೀಪಗಳೆಲ್ಲ ಆರಿದವು. ಪೆಟ್ಟಿಗೆಗಳು ಮೂಕಾದವು, ಕೀಬೋರ್ಡೂ ಮೂಕಾಯಿತು. ಜನರೇಟರಿನ ಹತ್ತಿರ ಓಡುವವರ ಕಾಲ ಸಪ್ಪಳ, ಹಿಂದಿನ ಸಾಲುಗಳಿಂದ ಸೀಟಿ. ಆದರೆ ಪೇಟಿ ನಿಲ್ಲಲಿಲ್ಲ. ಕತ್ತಲೆಯಲ್ಲಿಯೇ ಷಡ್ಜ-ಪಂಚಮಗಳು ಹಿಡಿದುಕೊಂಡೇ ಇದ್ದವು. ನಟಿಯು ಒಂದು ಗಳಿಗೆ ತಡೆದು, ರಂಗದ ಅಂಚಿಗೆ ಎರಡು ಹೆಜ್ಜೆ ಮುಂದೆ ಬಂದು, ಬರಿಯ ಕಂಠದಿಂದ ಹಾಡತೊಡಗಿದಳು. ಸೀಟಿ ಅಡಗಿತು. ಯಾರೋ ಮೊಬಾಯಿಲಿನ ದೀಪವನ್ನು ಎತ್ತಿ ಹಿಡಿದರು. ಅದನ್ನು ಕಂಡು ಹತ್ತು ಜನ, ಬಳಿಕ ನೂರು ಜನ. ಆ ಮಿಣುಕು ಬೆಳಕಿನಲ್ಲಿ ಅವಳ ಮುಖದ ಬಣ್ಣ ಮಾಯವಾಗಿ ಬರಿಯ ಕಣ್ಣು ಕಾಣುತ್ತಿದ್ದವು.

ಮಾಸ್ತರರ ಕೈ ಕಿಸೆಗೆ ಹೋದದ್ದನ್ನು ನಾವು ಕಂಡೆವು. ಗಡಿಬಿಡಿಯಲ್ಲಿ ಡಬ್ಬಿ ಜಾರಿ ಕೆಳಗೆ ಬಿತ್ತು. ನಾಲ್ವರೂ ಮೊಣಕಾಲೂರಿ ಶೇಂಗಾದ ಸಿಪ್ಪೆಗಳಲ್ಲಿ ತಡಕಾಡಿದೆವು. ಒಂದು ಸಿಕ್ಕಿತು, ಇನ್ನೊಂದು ಸಿಕ್ಕಲಿಲ್ಲ. ಸಿಕ್ಕುದನ್ನೇ ಬಲಗಿವಿಗೆ ಇಟ್ಟುಕೊಂಡು ಅವರು ಕಣ್ಣು ಮುಚ್ಚಿದರು. ಎಷ್ಟು ಹೊತ್ತು? ಜನರೇಟರು ಹೊತ್ತುವ ವರೆಗೆ ನಾಲ್ಕೈದು ನಿಮಿಷವಾಗಿರಬಹುದು. ನಡುವೆ ಒಮ್ಮೆ, ನಮಗಾಗಿ ಅಲ್ಲ, ತಮಗೇ ಎಂಬಂತೆ “ಭೈರವಿ” ಎಂದರು. ದೀಪಗಳು ಹತ್ತಿದೊಡನೆ ಪೆಟ್ಟಿಗೆಗಳು ಮತ್ತೆ ಕಿರಿಚಿದವು. ಯಂತ್ರ ಮತ್ತೆ ಕಿಸೆಗೆ ಸೇರಿತು. ಜನರು ‘ಒನ್ಸ್ ಮೋರ್’ ಎಂದು ಕೂಗಿ ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಿದರು. ಆ ಎರಡನೆಯದನ್ನು ಮಾಸ್ತರರು ಅಂಗೈಯಿಂದಲೇ ಕೇಳಿದರು.

ಆಟ ಮುಗಿದಾಗ ಮೂರು ದಾಟಿತ್ತು. ಕಳೆದ ಯಂತ್ರವನ್ನು ಕಸ ಗುಡಿಸುವ ಹುಡುಗನು ಹುಡುಕಿ ಕೊಟ್ಟನು. ಪೇಟಿ ಮಾಸ್ತರರು ವಾದ್ಯಕ್ಕೆ ನೀಲಿ ಬಟ್ಟೆಯನ್ನು ಹೊದಿಸುತ್ತಿದ್ದರು. ನಮ್ಮ ಮಾಸ್ತರರು ತಗ್ಗಿನ ಕಟಾಂಜನಕ್ಕೆ ಒರಗಿ ನಿಂತು, “ದೀಪ ಹೋದಾಗ ಭೈರವಿಯೊಳಗ ಒಮ್ಮೆ ತೀವ್ರ ಮಧ್ಯಮ ಹಚ್ಚಿದ್ರಲ್ಲ?” ಎಂದು ಕೇಳಿದರು.

ಅವರು ತಲೆಯೆತ್ತಿ ನೋಡಿ ನಕ್ಕರು. “ಕತ್ತಲ್ಯಾಗ ಯಾರು ಕೇಳ್ತಾರಂತ ಹಚ್ಚಿದ್ನಿರೀ. ನಿಮಗ ಕೇಳಿಸ್ತೇನ್ರಿ?”

ಆ ಪ್ರಶ್ನೆ ಮಾಸ್ತರರಿಗೆ ಕೇಳಿಸಲಿಲ್ಲ. ನಾವು ಅವರ ಕಿವಿಯ ಹತ್ತಿರ ಬಾಗಿ ದೊಡ್ಡದಾಗಿ ಹೇಳಿದ ಮೇಲೆ, “ಕೇಳಿಸ್ತು” ಎಂದರು. ಹೊರಗೆ ಚಹದ ಅಂಗಡಿಯವನು ಒಲೆ ಹೊತ್ತಿಸುತ್ತಿದ್ದನು. ಮೊದಲ ಬಸ್ಸಿಗೆ ಇನ್ನೂ ಎರಡು ತಾಸು ಇದ್ದವು.