ನೋವಿನ ದೇಹಕ್ಕೂ ಚಲನೆ ಬೇಕು



ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ಬೆಂಚಿನಲ್ಲೇ ಕುಳಿತಿರುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಮೊಣಕಾಲು ನೋವು, ಸೊಂಟ ನೋವು, ಮೈಕೈ ನೋವು ಅವರನ್ನು ವರ್ಷಗಟ್ಟಲೆ ಕಾಡುತ್ತಿರುತ್ತದೆ. ಮನೆಯವರಿಂದ ಅವರು ಕೇಳುವ ಮಾತು ಎರಡೇ. "ಅಮ್ಮಾ, ನೀವು ಏನೂ ಮಾಡಬೇಡಿ, ಸುಮ್ಮನೆ ಕುಳಿತಿರಿ" ಎಂಬುದು ಒಂದು. "ಪರೀಕ್ಷೆಯಲ್ಲಿ ಎಲ್ಲಾ ಸರಿಯಿದೆ, ನಿಮ್ಮದು ಬರೀ ಭ್ರಮೆ" ಎಂಬುದು ಇನ್ನೊಂದು. ಪ್ರೀತಿಯಿಂದ ಆಡಿದ ಮೊದಲ ಮಾತಾಗಲಿ, ಬೇಸರದಿಂದ ಆಡಿದ ಎರಡನೆಯ ಮಾತಾಗಲಿ ನೋವನ್ನು ಕಡಿಮೆ ಮಾಡುವುದಿಲ್ಲ. ಏಕೆ?

ಕಾಲಿಗೆ ಮುಳ್ಳು ಚುಚ್ಚಿದಾಗ ನೋವು ಅಪಾಯವನ್ನು ತಿಳಿಸುವ ಗಂಟೆಯಂತೆ. 3 ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥವರಲ್ಲಿ ಅನೇಕರ ನರಮಂಡಲ ಅತಿ ಸೂಕ್ಷ್ಮವಾಗಿಬಿಟ್ಟಿರುತ್ತದೆ. ಸಣ್ಣ ಕಾರಣಕ್ಕೂ ಗಂಟೆ ಜೋರಾಗಿ ಬಾರಿಸುತ್ತದೆ. ನೋವು ನಿಜವೇ. ಆದರೆ ನೋವಾದಾಗಲೆಲ್ಲ ದೇಹಕ್ಕೆ ಹೊಸ ಹಾನಿಯಾಗುತ್ತಿದೆ ಎಂದರ್ಥವಲ್ಲ. ಹೆದರಿ ಕುಳಿತೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯಾಗುತ್ತವೆ, ಮನಸ್ಸು ಕುಗ್ಗುತ್ತದೆ; ನೋವು ಇನ್ನಷ್ಟು ಬೆಳೆಯುತ್ತದೆ.

ಈ ಸುಳಿಯಿಂದ ಹೊರಬರಲು ದೇಹ, ಉಸಿರು, ಮನಸ್ಸು ಒಟ್ಟಿಗೆ ಸಾಗುವ ಮೃದು ವ್ಯಾಯಾಮ ನೆರವಾಗುತ್ತದೆ. ಚೀನಾ ದೇಶದ ತಾಯ್ ಚಿ ಇದಕ್ಕೊಂದು ಉದಾಹರಣೆ. ಮೂಲತಃ ಇದು ಕಾದಾಟದ ಕಲೆ. ಇಂದು ಇದನ್ನು ಆರೋಗ್ಯಕ್ಕಾಗಿ ನಿಧಾನವಾಗಿ ಕೈಕಾಲು ಆಡಿಸುತ್ತ, ಉಸಿರನ್ನು ಗಮನಿಸುತ್ತ ಮಾಡುತ್ತಾರೆ.

ಅಮೆರಿಕದ ಬಾಸ್ಟನ್ ನಗರದ ಟಫ್ಟ್ಸ್ ವೈದ್ಯಕೀಯ ಕೇಂದ್ರದ ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಕಾಯಿಲೆಯ 66 ಮಂದಿಯಲ್ಲಿ ಅರ್ಧದಷ್ಟು ಜನ ವಾರಕ್ಕೆ 2 ಬಾರಿಯಂತೆ 12 ವಾರ ತಾಯ್ ಚಿ ಮಾಡಿದರು. ಉಳಿದವರಿಗೆ ಆರೋಗ್ಯ ಪಾಠ ಮತ್ತು ಮೈ ಸಡಿಲಿಸುವ ವ್ಯಾಯಾಮ ಕಲಿಸಲಾಯಿತು. ತಾಯ್ ಚಿ ಮಾಡಿದವರ ನೋವು, ನಿದ್ದೆ, ಮನಸ್ಥಿತಿ ಹೆಚ್ಚು ಸುಧಾರಿಸಿದವು ಎಂದು 2010ರಲ್ಲಿ ವರದಿಯಾಯಿತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊಣಕಾಲು ಸವೆತದ ನೋವಿಗೆ ತಾಯ್ ಚಿ ಫಿಸಿಯೋಥೆರಪಿಯಷ್ಟೇ ಉಪಯುಕ್ತವೆಂದು ಕಂಡುಬಂತು.

ಕಲಿಸುವವರು ಹತ್ತಿರದಲ್ಲಿಲ್ಲವೆಂದು ನಿರಾಶರಾಗಬೇಕಿಲ್ಲ. ಇದೇ ಬಗೆಯ ಸರಳ ಚಲನೆಯನ್ನು ಮನೆಯಲ್ಲೇ ಆರಂಭಿಸಬಹುದು. ಗಟ್ಟಿಯಾದ ಕುರ್ಚಿಯ ಬೆನ್ನನ್ನು ಹಿಡಿದು, ಪಾದಗಳನ್ನು ಸ್ವಲ್ಪ ಅಗಲಿಸಿ ನಿಲ್ಲಿ. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಿಧಾನವಾಗಿ ದಾಟಿಸಿ. ಉಸಿರನ್ನು ಬಿಗಿಹಿಡಿಯದೆ ಮೆಲ್ಲನೆ ಹೊರಬಿಡಿ. ಮೊದಲಿಗೆ 5 ನಿಮಿಷ ಸಾಕು. ನಿಲ್ಲಲಾಗದವರು ಕುಳಿತೇ ತೋಳುಗಳನ್ನು ಎತ್ತಿ ಇಳಿಸಬಹುದು. ಮರುದಿನ ನೋವು ಬಹಳ ಹೆಚ್ಚಿದರೆ ಬಿಟ್ಟುಬಿಡಬೇಡಿ, ಅರ್ಧಕ್ಕೆ ಇಳಿಸಿ. ನೋವಿಲ್ಲದ ದಿನ ಅತಿಯಾಗಿ ಮಾಡುವುದೂ ಬೇಡ.

ಆರಂಭಿಸುವ ಮುನ್ನ ವೈದ್ಯರನ್ನು ಕೇಳಿ. ಮಾತ್ರೆಗಳನ್ನು ತಾವಾಗಿ ನಿಲ್ಲಿಸಬೇಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಎದೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇದು ನೋವನ್ನು ಬೇರುಸಹಿತ ಕೀಳುವ ಮದ್ದಲ್ಲ. ಆದರೆ ಅಂಗಳದವರೆಗೆ ನಡೆಯುವ, ಮೊಮ್ಮಗುವನ್ನು ಎತ್ತಿಕೊಳ್ಳುವ ಧೈರ್ಯವನ್ನು ಮರಳಿಸಬಲ್ಲದು. ಆದ್ದರಿಂದ "ಸುಮ್ಮನೆ ಕುಳಿತಿರಿ" ಎನ್ನುವ ಬದಲು, "ಬನ್ನಿ ಅಮ್ಮಾ, 5 ನಿಮಿಷ ನಾನೂ ನಿಮ್ಮೊಂದಿಗೆ ಮಾಡುತ್ತೇನೆ" ಎನ್ನೋಣ.